ಮೂವತ್ತೆರಡೂ ಮುಕ್ಕಾಲು

ಚೆಂಡನ್ನು ನೋಡಬೇಡ, ಟ್ಯಾಮ್ಸಿನ್.
ಚೆಂಡು ಎಲ್ಲರ ಕಣ್ಣಿಗೂ ಹಗ್ಗ ಕಟ್ಟಿ ಎಳೆದೊಯ್ಯುತ್ತದೆ.
ನಮಗೆ ಸಂಬಳ ಕೊಡುವುದು
ಅದು ಬಿಟ್ಟುಹೋದ ಜಾಗವನ್ನು ನೋಡುವುದಕ್ಕೆ.

ಆಬರ್ಡೀನಿನ ಮೋಟೆಲು. ಹೊರಗೆ ಸೊನ್ನೆಗಿಂತ ಹನ್ನೊಂದು ಕೆಳಗೆ,
ಒಳಗೆ ಹೀಟರಿಗೆ ಗೂರಲು.
ಲ್ಯಾಪ್‌ಟಾಪಿನಲ್ಲಿ ದನಿಯಿಲ್ಲದ ಆಟ:
ಎಪ್ಪತ್ತನಾಲ್ಕನೇ ನಂಬರು, ಎಡಗಡೆಯ ಟ್ಯಾಕಲ್,
ಲೈಲ್ ಹೂಕ್‌ಸ್ಟ್ರಾ, ಮುನ್ನೂರ ಹನ್ನೆರಡು ಪೌಂಡು.
ಅಷ್ಟು ದೊಡ್ಡ ಆಳು ಹಿಂದಕ್ಕೆ ಜಾರುವುದನ್ನು ನೋಡು.
ಬೆನ್ನು ತೋರಿಸದೆ ಹಿಂದೆ ಸರಿಯುವುದೇ ಇವರ ವಿದ್ಯೆ.
ಕಾಲಿಗೆ ಕಾಲು ತಾಗಬಾರದು, ಸೊಂಟ ಮೇಲೇಳಬಾರದು,
ತುಂಬಿದ ಕೊಡ,
ಒಂದು ಹನಿ ತುಳುಕಬಾರದು.

ನಿಲ್ಲಿಸು. ಹಿಂದಕ್ಕೆ. ಮತ್ತೆ.
ಎದುರಿನವನ ಮೊದಲ ಹುಸಿಹೆಜ್ಜೆಗೆ ಮೋಸಹೋದ, ಕಂಡೆಯಾ?
ಎರಡನೆಯದಕ್ಕೆ ಹೋಗಲಿಲ್ಲ.
ನಾನು ಬರೆದುಕೊಳ್ಳುವುದು ಎರಡನೆಯದನ್ನು.

ಈ ಸಾಲಿನವರ ಹೆಸರು ಮೈಕಿನಲ್ಲಿ ಕೇಳಿತೆಂದರೆ
ತಪ್ಪು ಮಾಡಿದ್ದಾರೆಂದೇ ಲೆಕ್ಕ.
ಅಂಗಿ ಹಿಡಿದ, ಹತ್ತು ಗಜ ದಂಡ.
ಚೆಂಡಿಗಿಂತ ಮೊದಲು ಕದಲಿದ, ಐದು.
ನಾಲ್ಕು ವರ್ಷ ಆಡಿದರೂ ಇವನ ಹೆಸರನ್ನು
ಇವನ ಕಾಲೇಜಿನ ಉದ್ಘೋಷಕನೇ ತಡವರಿಸಿ ಹೇಳುತ್ತಾನೆ.
ಇದಕ್ಕಿಂತ ಒಳ್ಳೆಯ ಪ್ರಶಸ್ತಿಪತ್ರ ನಾನು ಕಂಡಿಲ್ಲ.

ಕೋಚ್ ಹೇಳಿದ್ದನ್ನು ಮರೆತುಬಿಡು,
ಹೆತ್ತವರಿಗೆ ಹೆಗ್ಗಣ ಮುದ್ದು.
ಬಟ್ಟೆ ಒಗೆಯುವ ಕೋಣೆಯ ಅರ್ಲೀನ್‌ಳನ್ನು ಕೇಳಿದೆ.
'ಕಾಲುಚೀಲವನ್ನು ತಿರುಗಿಸಿ ಸರಿಮಾಡಿ ಹಾಕುವವನು
ಇಡೀ ತಂಡದಲ್ಲಿ ಅವನೊಬ್ಬನೇ,' ಅಂದಳು.
ನಮ್ಮ ಫಾರಂನಲ್ಲಿ ಅದಕ್ಕೊಂದು ಚೌಕವಿಲ್ಲ.

ಚೌಕ ಇರುವುದು ತೋಳಿಗೆ.
ಜನವರಿಯಲ್ಲಿ, ಅಲಬಾಮಾದ ಒಂದು ಹೋಟೆಲಿನ ಸಭಾಂಗಣದಲ್ಲಿ
ಬರೀ ಚಡ್ಡಿ ತೊಟ್ಟ ಹುಡುಗರು ಒಬ್ಬೊಬ್ಬರಾಗಿ ವೇದಿಕೆ ಹತ್ತಿದರು.
ಕುರ್ಚಿಗಳಲ್ಲಿ ನಾವು, ಮುನ್ನೂರು ಜನ, ಕೈಯಲ್ಲಿ ಕಾಫಿ.
ಹಲ್ಲು ಎಣಿಸುವುದೊಂದು ಬಾಕಿ.
ಭುಜದ ಮೂಳೆಯಿಂದ ನಡುಬೆರಳ ತುದಿಗೆ ಟೇಪು ಹಿಡಿದರು.
ಉಸಿರೆಲ್ಲ ಹೊರಗೆ ಬಿಟ್ಟು
ಉಗುರಿನಿಂದಲೂ ಒಂದಿಷ್ಟು ಉದ್ದ ಕಡ ಕೇಳಿದ ಹುಡುಗ.
ಮೂವತ್ತೆರಡೂ ಮುಕ್ಕಾಲು.
ಮೂವತ್ತಮೂರು ಬೇಕು.
ಮುನ್ನೂರು ಪೆನ್ನು ಒಟ್ಟಿಗೆ ಗೀಚಿದ ಸದ್ದು
ಇವತ್ತಿಗೂ ಈ ಹೀಟರಿನೊಳಗೆ ಕೇಳುತ್ತದೆ.
ಕಾಲಿಂಚಿಗೆ ಎರಡನೇ ಸುತ್ತಿನವನು ಐದಕ್ಕೆ ಇಳಿದ.
ಅವನ ತಾಯಿ ಶಾಲೆಯ ಬಸ್ಸು ಓಡಿಸುತ್ತಾಳೆ.
ಆ ಕಾಲಿಂಚಿನ ಬೆಲೆಯಲ್ಲಿ
ಅಂಥ ಎಷ್ಟು ಬಸ್ಸು ಕೊಳ್ಳಬಹುದೆಂದು ನಾನು ಲೆಕ್ಕ ಹಾಕಿಲ್ಲ.
ಹಾಕಿದ್ದೇನೆ. ಹೇಳುವುದಿಲ್ಲ.

ಟೇಪನ್ನು ನಾನೂ ನಂಬಿದ್ದವನೇ.
ಹನ್ನೆರಡು ವರ್ಷದ ಹಿಂದೆ ಒಬ್ಬನಿದ್ದ, ಕೆಂಡ್ರಿಕಸ್ ಬೋಲ್ಸ್,
ಮೂವತ್ತಾರು ಇಂಚಿನ ತೋಳು, ಬಾಗಿಲಿನ ಹಾಗಿದ್ದ.
ಬಾಗಿಲಿನ ಹಾಗೆಯೇ ತೆರೆದುಕೊಂಡ.
ನಮ್ಮ ಕ್ವಾರ್ಟರ್‌ಬ್ಯಾಕಿನ ಕೊರಳೆಲುಬು ಮುರಿಯಿತು, ನನ್ನ ಬಾಸಿನ ಕೆಲಸ ಹೋಯಿತು.
ಬೋಲ್ಸ್ ಈಗ ಟಲ್ಸಾದಲ್ಲಿ ಟೈರು ಮಾರುತ್ತಾನೆ,
ಪ್ರತಿ ಕ್ರಿಸ್‌ಮಸ್‌ಗೂ ನನಗೊಂದು ಕಾರ್ಡು.
ಅವನ ತಪ್ಪೇನೂ ಇರಲಿಲ್ಲ,
ಉದ್ದವಾಗಿದ್ದ, ಅಷ್ಟೇ.

ಏನಂದೆ?
ಮತ್ತೆ ಹೇಳು.
ಹಿಂದಕ್ಕೆ ಹಾಕು.
ಹೌದು... ಪ್ರತಿ ಸಲವೂ, ಚೆಂಡು ಏಳುವ ಮೊದಲು,
ಆ ಹೆಲ್ಮೆಟ್ಟು ನೂಲೆಳೆಯಷ್ಟು ಬಲಕ್ಕೆ ತಿರುಗುತ್ತದೆ,
ದವಡೆ ಅಲುಗುತ್ತದೆ.
ಪಕ್ಕದ ಗಾರ್ಡು ಮೊದಲ ವರ್ಷದ ಮರಿ,
ಯಾವ ಕಡೆಯಿಂದ ಯಾರು ಬರುತ್ತಾರೆಂದು
ಅವನಿಗೆ ಇವನು ಹೇಳಿಕೊಡುತ್ತಿದ್ದಾನೆ.
ಮೂವತ್ತೊಂದು ಅಂಕ ಹಿಂದಿರುವಾಗಲೂ.
ಹನ್ನೊಂದು ಆಟ ನೋಡಿದೆ ನಾನು,
ಪಾದ ನೋಡಿದೆ, ಸೊಂಟ ನೋಡಿದೆ, ಅಂಗೈ ನೋಡಿದೆ.
ದನಿ ಇಲ್ಲವೆಂದು ಬಾಯಿ ನೋಡಲಿಲ್ಲ.

ಬರೆದುಕೋ. ಅದಕ್ಕೂ ಚೌಕವಿಲ್ಲ,
ಅಂಚಿನಲ್ಲಿ ಬರೆ, ಪೆನ್ಸಿಲ್ ಬೇಡ.
ಅಂಕ ಬೆಳಿಗ್ಗೆ ಹಾಕೋಣ.
ಈಗ ಇನ್ನೊಮ್ಮೆ,
ಮೊದಲಿನಿಂದ.