ಎರಡನೇ ಸ್ಲಾಟು

ಖಾಲಿ ಲಾರಿ ಹತ್ತಿದ್ರ ಏನೂ ಆಗಂಗಿಲ್ಲ.
ತುಂಬಿದ ಲಾರಿ ಕಾಟಾದ ಮ್ಯಾಲ
ಮುಂದಿನ ಗಾಲಿ ಇಟ್ಟರ ಸಾಕು,
ಪರದೆ ನೀಲಿ.
ಮುನೀಮ ಬಂಡೆಪ್ಪ ಕೈಲೇ ತೂಕ ಬರದು ಬರದು
ಡ್ರೈವರಗಳ ಬೈಗುಳ ತಿಂದು
ಫೋನ್ ಹಚ್ಚಿದ:
'ಅಕ್ಕೋರೆ, ನಿಮ್ಮ ಡಬ್ಬಿ ಮತ್ತ ಮಕ್ಕೊಂಡದ.'

ತೊಗರಿ ಸೀಜನ್. ಕಲಬುರಗಿ ಗಂಜಿನ ತುಂಬ
ಚೀಲ ಹೊತ್ತ ಲಾರಿ, ಹೊಟ್ಟಿನ ಧೂಳು.
ಡಬ್ಬಿ ಬಿಚ್ಚಿದರ ಒಳಗೊಂದು ಹಿಡಿ ಹಳದಿ ಪುಡಿ,
ಫ್ಯಾನಿನ ರೆಕ್ಕಿಗಿ ಅಂಟಿದ ಅರ್ಧ ಬೇಳಿ.
ಬ್ರಶ್ ಹೊಡದೆ, ಊದಿದೆ, ಸೀನಿದೆ.

ಎರಡು ವರ್ಷದ ಹಿಂದೂ ಹಿಂಗೇ ಬಿದ್ದಿತ್ತು.
ಅವಾಗ ಲಾಡ್ಲೇಸಾಬ ನನ್ನ ಅಂಗಡ್ಯಾಗಿದ್ದ.
ಹೈದರಾಬಾದಿನಿಂದ ಹಳೇ ಮೆಮೊರಿ ಕಾರ್ಡು ತಂದು
ಅವನೇ ಕೂಡ್ಸಿದ್ದ. ಅದನ್ನ ಕಿತ್ತೆ.
ಬೀಳೋದು ನಿಂತಿತು.
ಇನ್ನೇನು ಬೇಕು ಸಾಕ್ಷಿ?
'ಕಾರ್ಡು ಬರೋಬರಿ ಅದ ಅಕ್ಕಾ,
ಅದು ಕುಂದ್ರೋ ಜಾಗ ನೋಡ್ರಿ' ಅಂದ.
ನೋಡಲಿಲ್ಲ. ಪಗಾರದಾಗ ಆರನೂರು ಕಡದೆ.
ಮರುದಿನ ಸ್ಕ್ರೂಡ್ರೈವರ್ ಟೇಬಲ್ ಮ್ಯಾಲಿಟ್ಟು ಹೋದ,
ಹಿಡಿಕಿ ಒರಸಿಟ್ಟಿದ್ದ.

ಈ ವರ್ಷ ಸಾವಕಾರರು ಹೊಸ ಬಿಲ್ಲಿಂಗ್ ಹಾಕಿಸಿದರು,
ಮಶೀನು ಕುಂಟಲಕತ್ತು.
ಖಾಲಿ ಬಿದ್ದಿದ್ದ ಆ ಸ್ಲಾಟಿಗಿ
ನಾನೇ ಹೊಸಾದು ಕೂಡ್ಸಿದೆ, ಸೀಲ್ ಒಡದು, ವಾರಂಟಿ ಸಹಿತ.
ಒಂಬತ್ತನೇ ಲಾರಿಗಿ ಬಿತ್ತು.
ಅಂಗಡಿಗಿ ಒಯ್ದರ, ಮೂರು ಸಲ ಒಯ್ದೆ,
ಮನೀಗಿ ಬಂದ ಬೀಗರಂಗ ಕುಂತಿತ್ತು.
ರಾತ್ರಿ ಟೆಸ್ಟ್ ಹಚ್ಚಿ ಬೀಗ ಹಾಕಿ ಹೋದರ
ಮುಂಜಾನಿ ಏಳು ಸುತ್ತು ಮುಗಿಸಿ
ತಪ್ಪಿನ ಖಾನ್ಯಾಗ ಸೊನ್ನಿ.
ದವಾಖಾನಿ ಬಾಗಿಲಿಗಿ ಬಂದ ಕೂಡ್ಲೆ ಜ್ವರ ಇಳಿದಂಗ.

ಅದಕ್ಕೇ ಇವತ್ತ ಒಯ್ಯಲಿಲ್ಲ.
ಕಾಟಾದ ಖೋಲ್ಯಾಗೇ ಚಾಪಿ ಹಾಸಿ ಕುಂತೆ.
ಮಗಳ ಕಂಪಾಸಿನ ರಬ್ಬರಿಲೆ ಬಂಗಾರದ ಹಲ್ಲು ತಿಕ್ಕಿದೆ.
ಒಂದನೇ ಸ್ಲಾಟಿನ ಸಣ್ಣ ಕಾರ್ಡು ಬಿಚ್ಚಿ
ಅಲ್ಲಿ ಹೊಸಾದು ಹಾಕಿದೆ:
ಮೂರು ಲಾರಿ ಹತ್ತಿ ಇಳದವು, ನಡೀತು.
'ಕೆಟ್ಟದ್ದು' ಅಂತ ಬರದಿಟ್ಟ ಪಾಕೀಟಿನಿಂದ
ಲಾಡ್ಲೇನ ಕಾರ್ಡು ತಗದು ಅದೇ ಜಾಗಕ್ಕ ಒತ್ತಿದೆ. ಟಕ್.
ನಾಲ್ಕು ಲಾರಿ. ಐದು.
ಊಟದ ಹೊತ್ತು ದಾಟಿತು. ಬಂಡೆಪ್ಪ
ತನ್ನ ಬುತ್ತಿಯಾಗಿನ ರೊಟ್ಟಿ, ಪುಂಡಿಪಲ್ಯ ಕೊಟ್ಟ.
ತಿನಕೋತ ಪರದೆ ನೋಡಿದೆ.
ಬೀಳಲಿ ಬೀಳಲಿ ಅಂತ ಒಳಗೊಳಗ
ಹರಕಿ ಹೊತ್ತಿದ್ದೆ, ಖರೇ ಹೇಳತೀನಿ.
ಬೀಳಲಿಲ್ಲ.

ಆಮ್ಯಾಲ ಎರಡನೇ ಸ್ಲಾಟು.
ಅವನದು ಹಾಕು, ನಂದು ಹಾಕು,
ತುಂಬಿದ ಗಾಲಿ ಹತ್ತಿದ ಕೂಡ್ಲೆ ನೆಲ ನಡುಗಿ
ಲೋಟದಾಗಿನ ನೀರು ಉಂಗುರ ಉಂಗುರ ಎದ್ದು
ಪರದೆ ನೀಲಿ.

ಬೋರ್ಡು ತಿರುವಿ ಟಾರ್ಚ್ ಬಿಟ್ಟೆ.
ಸಾಸಿವಿಯಷ್ಟು ಬೆಸುಗಿ, ಅದರ ಸುತ್ತ
ಕೂದಲೆಳಿಯಂಥ ಬಿರುಕು.
ನೆಲ ಸುಮ್ಮನಿದ್ರ ಮುಟ್ಟಿಕೊಂಡಿರತದ,
ನಡುಗಿದ್ರ ಬಿಡತದ.
ಇಷ್ಟಕ್ಕ.

ಸ್ಲಾಟಿಗಿ ಟೇಪ್ ಹಚ್ಚಿ ಮ್ಯಾಲ ಬರದೆ:
ಇಲ್ಲಿ ಹಾಕಬ್ಯಾಡ್ರಿ.
ಒಂದನೇದರಾಗ ಅವನ ಕಾರ್ಡೇ ಬಿಟ್ಟೆ,
ನನ್ನ ವಾರಂಟೀದು ಪರ್ಸಿಗಿ ಹಾಕಿಕೊಂಡೆ.
ಲಾರಿ ಹತ್ತಿತು, ಪ್ರಿಂಟರ್ ಕಿರಿಗುಟ್ಟಿ ಚೀಟಿ ಬಿಟ್ಟಿತು:
ಹದಿನಾರು ಸಾವಿರದ ಇನ್ನೂರಾ ನಲವತ್ತು.
ಬಂಡೆಪ್ಪ ಅದನ್ನ ಬೆಳಕಿಗಿ ಹಿಡಿದು ನೋಡಿದ,
ನೋಟು ನೋಡಿದಂಗ.

ಅಂಗಡಿಗಿ ಬಂದು ಹಳೇ ವಹಿ ತಗದೆ.
'ಲಾಡ್ಲೇಸಾಬ. ಕೆಟ್ಟ ಮಾಲು. ೬೦೦ ಕಡಿತ.'
ನನ್ನದೇ ಅಕ್ಷರ, ದುಂಡಗ, ಗಡಿಬಿಡಿ ಇಲ್ಲದ್ದು.
ರಬ್ಬರ್ ಇನ್ನೂ ಕೈಯಾಗಿತ್ತು. ತಿಕ್ಕಿದೆ.
ಶಾಯಿ ಹೋಗಲಿಲ್ಲ, ಹಾಳಿ ಹರೀತು.

ಬಸ್ ಸ್ಟ್ಯಾಂಡ್ ಬಾಜೂಕ ಮೊಬೈಲಿಗಿ ಗಾಜು ಕೂಡ್ಸ್ತಾನ ಈಗ.
ಗಡ್ಡ ಬಿಟ್ಟಾನ.
ಆರನೂರು ಅವನ ಮುಂದಿಟ್ಟೆ. ಮಾತು ಬರಲಿಲ್ಲ.
ಯಾರದೋ ಪರದೆ ಕೆಳಗಿನ ಗಾಳಿಗುಳ್ಳಿ
ಹೆಬ್ಬೆರಳಿಲೆ ಒತ್ತಿ ಒತ್ತಿ ಅಂಚಿಗಿ ತರಲಕತ್ತಿದ್ದ.
ತಲಿ ಎತ್ತಲಿಲ್ಲ.
'ಎರಡನೇದಾ?' ಅಂದ.