ಗುಂಡಿ, ಮಗು, ಬಾವಿ

ಲಾಂಝೌದ ಪ್ರೊಫೆಸರು ಕಳಿಸಿದ ನಲವತ್ತು ಪುಟ.
ಪುಟಕ್ಕೆ ನೂರಾಹತ್ತು ರೂಪಾಯಿ, ಶುಕ್ರವಾರ ಗಡುವು.
ಚೀನೀ ನನ್ನದು ಹೈದರಾಬಾದಿನಲ್ಲಿ ಮೂರು ವರ್ಷ ಕಲಿತದ್ದು,
ಇಂಗ್ಲಿಷು ಮಿಷನ್ ಶಾಲೆಯದು,
ಬೀದರಿನ ಕೆಂಪು ಧೂಳು ಎರಡರ ಮೇಲೂ.

ಮೊದಲ ಸಾಲಿನಲ್ಲೇ ಕಾಲು ಜಾರಿತು.
ಮೂರು ಅಕ್ಷರ: ಕಾನ್, ಅರ್, ಜಿಂಗ್.
ನಿಘಂಟು ಒಂದೊಂದನ್ನೇ ಸುಲಿದು ಕೊಟ್ಟಿತು:
ಗುಂಡಿ. ಮಗು. ಬಾವಿ.
ಯಂತ್ರವೂ ಹಾಗೇ ಬರೆದಿತ್ತು, ನಾಚಿಕೆಯಿಲ್ಲದೆ:
"ತುರ್ಪಾನಿನಲ್ಲಿ ನೂರಾರು ಗುಂಡಿ-ಮಗು-ಬಾವಿಗಳಿವೆ."
ಓದಿ ನಕ್ಕೆ. ಆಮೇಲೆ ನಗು ಬರಲಿಲ್ಲ.
ಯಾವ ಮಗು, ಯಾವ ಗುಂಡಿ ಅಂತ
ಚಹಾ ಆರುವವರೆಗೂ ಕೂತೆ.

ಮುಂದೆ: ಬೆಳಕಿನ ಕಾಲುವೆ, ಕತ್ತಲ ಕಾಲುವೆ.
ಇಂಗ್ಲಿಷಿನವನಿಗೆ ಬೇಕಾದದ್ದು ತೆರೆದ ನಾಲೆ, ಸುರಂಗ.
ಬರೆದೆ. ಸರಿಯಾಗಿಯೇ ಇತ್ತು.
ಕತ್ತಲು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಇನ್ನೊಂದು ಪದ, ಲಾವ್‌ಬಾ.
ಯಂತ್ರ ಅಂದಿತು: ಪ್ರವಾಹದ ಅಣೆಕಟ್ಟು.
ವರ್ಷಕ್ಕೆ ಬೊಗಸೆ ಮಳೆ ಬೀಳದ ಮರಳುಗಾಡಿಗೆ
ಪ್ರವಾಹ ಯಾವ ಸಂತೆಯಿಂದ ಬಂತು?
ಅಡಿಟಿಪ್ಪಣಿ ಓದಿದೆ: ಅದು ಹೊಂಡ.
ನೆಲದಡಿಯಿಂದ ನಡುಗುತ್ತ ಬಂದ ನೀರು
ಹೊಲಕ್ಕೆ ಹೋಗುವ ಮುಂಚೆ
ಅಲ್ಲಿ ಕೂತು ಬಿಸಿಲು ಕಾಯಿಸುತ್ತದೆ.
ಕನ್ನಡದಲ್ಲಿ ಎರಡೇ ಮಾತು.
ಇಂಗ್ಲಿಷಿಗೆ ಪಾಂಡ್ ಅಂತ ಕೊಟ್ಟೆ,
ಬಿಸಿಲು ನನ್ನ ಬಳಿಯೇ ಉಳಿಯಿತು.

ನಕ್ಷೆ ಸಿಕ್ಕಿದ್ದು ಇಪ್ಪತ್ತೊಂದನೇ ಪುಟದಲ್ಲಿ.
ಬೆಟ್ಟದಿಂದ ಊರಿಗೆ ಸಾಲಾಗಿ ಚುಕ್ಕಿ,
ಚುಕ್ಕಿಯ ಕೆಳಗೆ ಕಂಬದಂಥ ಗೆರೆ,
ಗೆರೆಗಳ ಬುಡವನ್ನೆಲ್ಲ ಹೊಲಿದ ಒಂದು ಉದ್ದ ದಾರ.
ಈ ಚುಕ್ಕಿಗಳು ನನಗೆ ಗೊತ್ತು.
ನೌಬಾದಿನ ನಮ್ಮ ಮನೆಯ ಹಿಂದೆ, ತೊಗರಿ ಹೊಲದಲ್ಲಿ,
ಬಾಯಿಗೆ ಚಪ್ಪಡಿ ಎಳೆದುಕೊಂಡು ಮಲಗಿವೆ.
ಚಿಕ್ಕಂದಿನಲ್ಲಿ ನನ್ನ ಚೆಂಡು ನುಂಗಿದ್ದು ಅವುಗಳಲ್ಲೊಂದು.

ಹೂಳು ತೆಗೆಯುವಾಗ ಹಗ್ಗ ಕಟ್ಟಿಕೊಂಡು ಇಳಿದಿದ್ದ ಝರೆಪ್ಪ
ಈಗ ಓಣಿಯ ಮೂಲೆಯಲ್ಲಿ ಪಂಕ್ಚರು ಹಾಕುತ್ತಾನೆ.
ನಕ್ಷೆ ತೋರಿಸಿದೆ. ಎಣ್ಣೆ ಬೆರಳು ಚೀನಾದ ಮೇಲೆ ಊರಿ
"ಇದು ನಮ್ದೇ ಸುರಂಗ ಬಾವಿ ಅದಲ್ರಿ, ಅಕ್ಕೋರೆ" ಅಂದ.
ಅಲ್ಲಪ್ಪಾ, ಚೀನಾದ್ದು.
"ಇರ್ಲಿ. ಈ ತಿರುವಿನ್ಯಾಗ ಉಸ್ರು ಕಟ್ತದ,
ಅಲ್ಲಿಯವರಿಗಿ ಹೇಳ್ರಿ."
ಕೆಳಗ ಇದಕ್ಕ ಯಾನ್ ಅಂತಿದ್ರಿ?
"ಕೆಳಗ ಇದ್ದಾಗ ಹೆಸರು ಯಾರು ಕರೀತಾರ?
ಹಗ್ಗ ಎರಡು ಸಲ ಜಗ್ಗತಿದ್ದೆವು."

ತಹಶೀಲಿನ ಹಳೆಯ ಕಾಗದದಲ್ಲಿ ಅದು ಕಾರೇಜ್,
ಇರಾನಿನ ಕಡೆಯಿಂದ ಬಂದ ಮಾತು.
ಅದೇ ಮಾತು ಇನ್ನೊಂದು ಒಂಟೆ ಹತ್ತಿ ಮೂಡಣಕ್ಕೆ ಹೋಗಿ,
ತುರ್ಪಾನಿನವರ ಬಾಯಲ್ಲಿ ಮೆತ್ತಗಾಗಿ,
ಚೀನೀ ಗುಮಾಸ್ತನೊಬ್ಬ ಕಿವಿಗೆ ಬಿದ್ದದ್ದನ್ನು ಬರೆದಿಡಲು
ಕೈಗೆ ಸಿಕ್ಕ ಅಕ್ಷರ ಹೆಕ್ಕಿರಬೇಕು.
ಗುಂಡಿಯಿಲ್ಲ, ಮಗುವಿಲ್ಲ, ಬರೀ ಸದ್ದು.
ಇರಬೇಕು, ಅಷ್ಟೇ. ಪ್ರೊಫೆಸರಿಗೂ ಖಚಿತವಿಲ್ಲ.

ರಾತ್ರಿ ಹನ್ನೊಂದಕ್ಕೆ ಬರೆದೆ: ಕಾರೇಜ್.
ಬೆಳಿಗ್ಗೆ ಲಾಂಝೌದಿಂದ ಪುಟದ ಅಂಚಿನಲ್ಲಿ ಪ್ರಶ್ನೆ:
"ಇದು ಸಹಜ ಇಂಗ್ಲಿಷ್ ಹೌದೇ?"
ಹೌದು ಅಂತ ಬರೆದು, ತಡೆದು, ಸೇರಿಸಿದೆ:
ಇಂಗ್ಲಿಷರೂ ಸಾಲ ತಂದದ್ದೇ.
ನಮ್ಮ ಹಿತ್ತಲಲ್ಲಿ ಒಂದಿದೆ.
ನಿಮ್ಮ ನಕ್ಷೆಯಲ್ಲಿ, ಎಡಗಡೆಯಿಂದ ನಾಲ್ಕನೇ ತಿರುವಿಗೆ
ಉಸಿರು ಕಟ್ಟುತ್ತದಂತೆ, ನೋಡಿಕೊಳ್ಳಿ.

ಹಣ ಬಂದಿದೆ.
ಉತ್ತರ ಇನ್ನೂ ಇಲ್ಲ.