ನರ ಹುಡುಕುವಾಗ

ರಾಯಚೂರಿನ ದೊಡ್ಡಾಸ್ಪತ್ರೆ, ಹೆಂಗಸರ ವಾರ್ಡು,
ಹನ್ನೊಂದನೇ ಮಂಚ. ಹುಸೇನವ್ವ, ಮುದಗಲ್ಲು.
ವಯಸ್ಸು ಚೀಟಿಯಲ್ಲಿ ಎಪ್ಪತ್ತು. ಅವಳ ಲೆಕ್ಕ ಬೇರೆ:
'ಡ್ಯಾಮು ಕಟ್ಟೂವಾಗ ನನಗ ಮೂರು ಮಕ್ಕಳು.'

ಬಲತೋಳಿಗೆ ರಬ್ಬರು ಪಟ್ಟಿ ಬಿಗಿದು
ಮುಂಗೈ ತಟ್ಟುತ್ತೇನೆ, ಮತ್ತೆ ತಟ್ಟುತ್ತೇನೆ.
ನರ ಕಾಣುವುದಿಲ್ಲ.
ಕಾಣುವುದೆಲ್ಲ ಹಸಿರೇ:
ಮಣಿಕಟ್ಟಿಗೆ ಮೂರು ಸಾಲು ಚುಕ್ಕಿ,
ಮೇಲೊಂದು ಚೇಳು, ತೊಟ್ಟಿಲು, ಸೀತೆಯ ಸೆರಗು.
ಯಾವ ಹಸಿರಿನ ಅಡಿಯಲ್ಲಿ ರಕ್ತ ಹರಿಯುತ್ತದೆ
ನರ್ಸಿಂಗ್ ಶಾಲೆಯಲ್ಲಿ ಹೇಳಿಕೊಟ್ಟಿರಲಿಲ್ಲ.

ಎರಡು ಸಲ ಚುಚ್ಚಿದೆ. ಎರಡು ಸಲವೂ ಒಣ.
'ಹೆದರಬ್ಯಾಡ ಸಿಸ್ಟರವ್ವ,
ಈ ಕೈ ಸೂಜಿ ಕಂಡದ್ದೇ.'

ಒಂದಲ್ಲ, ಏಳು ಸೂಜಿ, ದಾರ ಸುತ್ತಿ ಕಟ್ಟಿದ್ದು.
ದೀಪದ ಕಾಡಿಗೆ, ಹಾಗಲದೆಲೆಯ ರಸ,
ಪಕ್ಕದ ಮನೆಯ ಬಾಣಂತಿಯ ಎದೆಹಾಲು ನಾಲ್ಕು ಹನಿ.
ಬುಟ್ಟಿ ಹೊತ್ತು ಬಂದ ಕೊರವರ ಸುಂಕವ್ವ
ಮೊಣಕಾಲಡಿ ಕೈ ಒತ್ತಿಹಿಡಿದು
ತವರಿನ ಹಾಡು ಸುರುಮಾಡುತ್ತಿದ್ದಳಂತೆ.
ಹಾಡು ಮುಗಿದರೆ ಹಣಚಿಬೊಟ್ಟೂ ಮುಗಿಯಬೇಕು.
ಕೂಲಿ ಎರಡು ಸೇರು ಜೋಳ, ಒಂದು ಹಳೇ ಕುಬಸ.
'ಬೆಳ್ಳಿ ಬಂಗಾರ ಗಂಡ ಅಡವಿಡತಾನ,
ಇದನ್ನ ಯಾವ ಸಾವ್ಕಾರ ಇಟಗೊಂತಾನ?'

ಆ ಗಂಡನಿಗೂ ಬಣ್ಣದ ಹುಚ್ಚಿತ್ತು.
ಮೊಹರಮ್ಮಿಗೆ ಹರಕೆಯ ಹುಲಿಯಾಗುತ್ತಿದ್ದ.
ಮೈತುಂಬ ಹಳದಿ, ಮೇಲೆ ಕರಿಪಟ್ಟೆ.
ಅವನ ಕೈಗೆಟುಕದ ಬೆನ್ನಿಗೆ ಇವಳೇ ಬಳಿಯುತ್ತಿದ್ದಳು.
ಅಲಾಯಿ ಕುಣಿಯ ಸುತ್ತ ಕುಣಿದು ದಣಿದವನನ್ನು
ದೇವರು ಹೊಳೆಗೆ ಹೋದ ಮರುದಿನ ಕೂರಿಸಿ
ಸೀಮೆಎಣ್ಣೆ ಹಾಕಿ ತಿಕ್ಕಿದರೆ
ಬಚ್ಚಲ ಮೋರಿಯಲ್ಲಿ ಹುಲಿ ಹರಿದು ಹೋಗುತ್ತಿತ್ತು.
ಕಿವಿಯ ಹಿಂದೆ ಮಾತ್ರ ಹಳದಿ ಉಳಿಯುತ್ತಿತ್ತಂತೆ.
ಹೇಳುತ್ತ ತನ್ನ ಕಿವಿಯ ಹಿಂದೆ ಮುಟ್ಟಿಕೊಂಡಳು.

ಡ್ಯೂಟಿ ಡಾಕ್ಟರು ಬಾಗಿಲಿಂದಲೇ: 'ಲೈನ್ ಆಯ್ತಾ?'

'ಇಲ್ಲಿ ನೋಡು,' ಎಡಗೈ ತಿರುಗಿಸಿದಳು.
ಮೊಣಕೈ ಮಡಿಕೆಯ ಪಕ್ಕ ಒಂದು ನವಿಲು:
ಕೊಕ್ಕು, ಜುಟ್ಟು, ಕುತ್ತಿಗೆ, ಒಂದು ಕಾಲು.
ಗರಿ ಇಲ್ಲ.
ಅಷ್ಟಕ್ಕೇ ಒಂಬತ್ತರ ಹುಡುಗಿ ಕೈ ಕಿತ್ತುಕೊಂಡು
ಜೋಳದ ಹೊಲಕ್ಕೆ ಓಡಿ, ಕತ್ತಲಾಗುವ ತನಕ ಸಿಗಲಿಲ್ಲ.
ಸುಂಕವ್ವ ಮತ್ತೆ ಆ ಊರಿಗೆ ಬರಲಿಲ್ಲ.
ಅತ್ತೆಮನೆಯಲ್ಲಿ ರೊಟ್ಟಿ ಬಡಿಯಲು ಸೆರಗು ಸರಿಸಿದಾಗಲೆಲ್ಲ
'ಬೋಳು ನವಿಲಿನಾಕಿ' ಅನ್ನಿಸಿಕೊಂಡದ್ದು
ಅತ್ತೆ ಸಾಯುವ ತನಕ. ಆಮೇಲೆ ನಾದಿನಿಯರಿಂದ.

ಗರಿ ಬರಬೇಕಿದ್ದ ಜಾಗ
ಎರಡು ಬೆರಳಗಲ, ಬರಿಯ ಚರ್ಮ.
ಅಲ್ಲಿ, ಉಬ್ಬಿ ನಿಂತ ನೀಲಿ ನರ.
'ಚುಚ್ಚು,' ಅಂದಳು. 'ಈ ಸಲ ಓಡಂಗಿಲ್ಲ.'

ಒಂದೇ ಸಲಕ್ಕೆ ರಕ್ತ ಬಂತು.
ಸಲೈನು ತೊಟ್ಟಿಕ್ಕತೊಡಗಿತು.
ಬಿಳಿ ಪಟ್ಟಿ ಅಂಟಿಸಿ, ರೂಢಿಯಂತೆ,
ಅದರ ಮೇಲೆ ಪೆನ್ನಿನಲ್ಲಿ ಬರೆದೆ.
'ಏನ್ ಬರದಿ?'
'ಇವತ್ತಿನ ತಾರೀಖು. ನನ್ನ ಸಹಿ.'
'ಎಷ್ಟ್ ದಿನ ಇರತೈತಿ?'
'ಮೂರು ದಿನ.'
ಪಟ್ಟಿಯನ್ನು ನೋಡಿದಳು, ಆಮೇಲೆ
ನನ್ನ ಬೋಳು ಮುಂಗೈಯನ್ನು.
'ಹುಲಿಗಿಂತ ಕಡಿಮಿ ಆತಲ್ಲ,' ಅಂದಳು.